ಸತ್ತವರ ಹಾಗೂ ಸಾಯಬೇಕಾದವರ ಪಟ್ಟಿ

ರಾಜ್ಯಗಳು ಏಳುವುದೂ ಬೀಳುವುದೂ ಸೈನ್ಯದ ಬಲದ ಮೇಲೆ ಎಂದು ತಿಳಿದವರು ಹೇಳುತ್ತಾರೆ. ನಾನು ಸೇವೆ ಸಲ್ಲಿಸಿದ ಸೈನ್ಯದ ಬಲ ಒಟ್ಟು ಹದಿನಾಲ್ಕು. ಅದರಲ್ಲಿ ಇಬ್ಬರಿಗೆ ಇರುಳುಗಣ್ಣು, ಒಬ್ಬನಿಗೆ ನಗಾರಿ ಬಡಿದರೆ ಬಿಕ್ಕಳಿಕೆ. ಆದರೂ ಒಂದೇ ಸುಗ್ಗಿಯಲ್ಲಿ ನಾವು ಏಳು ರಾಜ್ಯಗಳನ್ನು ಗೆದ್ದುಕೊಟ್ಟೆವು, ಅದೇ ಏಳು ಯುದ್ಧಗಳಲ್ಲಿ ಸೋತೂ ಕೊಟ್ಟೆವು. ಎರಡೂ ಕಡೆಯ ಸೈನ್ಯ ನಾವೇ ಆಗಿದ್ದುದರಿಂದ ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ಸಣ್ಣಗೆ ತುಂತುರು ಹನಿಯುತ್ತಿತ್ತು. ತೆಂಗಿನ ನಾರು ಹೇರಿದ ಲಾರಿಯೊಂದು ಬಂದು ನನ್ನ ಪಕ್ಕದಲ್ಲೇ ನಿಂತಿತು. ನೆಂದ ನಾರಿನ ವಾಸನೆ ಮೂಗಿಗೆ ತಲುಪಿತೋ ಇಲ್ಲವೋ, ನನ್ನ ಮೇಲ್ದುಟಿ ತುರಿಸತೊಡಗಿತು. ನಲವತ್ತು ವರ್ಷದ ಹತ್ತಿರವಾಯಿತು, ಆ ತುಟಿಯ ಮೇಲೆ ನಾರಿನ ಮೀಸೆಯನ್ನು ಬೇಲದ ಅಂಟಿನಲ್ಲಿ ಕೂರಿಸಿಕೊಂಡು ನಾನು ಮರುಳಪ್ಪನವರ ದಂಡಿನಲ್ಲಿ ಈಟಿ ಹಿಡಿದಿದ್ದೆ. ಮನಸ್ಸು ಮರೆತದ್ದನ್ನು ತುಟಿ ಮರೆತಿರಲಿಲ್ಲ.

ನಯಾಪೈಸೆ ಚಲಾವಣೆಗೆ ಬಂದ ಮರುವರ್ಷ ಅದು. ಹಳೇಬೀಡಿನ ಆಸುಪಾಸಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಸಹಾಯಕ ಉಪಾಧ್ಯಾಯ. ವಯಸ್ಸು ಇಪ್ಪತ್ತಮೂರು. ನಮ್ಮ ತಂದೆಯವರು ಬೇಲೂರಿನ ದೇವಸ್ಥಾನದಲ್ಲಿ ಪರಿಚಾರಕರು. ವಂಶದಲ್ಲಿ ಮೊದಲ ಬಾರಿಗೆ ಒಬ್ಬ ಪ್ರಸಾದಕ್ಕೆ ಬದಲು ಸಂಬಳ ತರುತ್ತಾನೆಂದು ಅವರಿಗೆ ಹೆಮ್ಮೆ. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಎರಡು ವರ್ಷ ತುಂಬಿದಾಗ, ಅಂದರೆ ಜೂನ್ ತಿಂಗಳಿಗೆ, ನೌಕರಿ ಖಾಯಂ ಆಗಬೇಕು. ಅಲ್ಲಿಯವರೆಗೆ ಯಾವ ತಂಟೆಗೂ ಹೋಗದೆ ಇರು ಎಂದು ತಂದೆಯವರು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದರು. ನಾನೂ ಹಾಗೆಯೇ ಇದ್ದೆ, ಸಂಕ್ರಾಂತಿಯವರೆಗೆ.

ನಮ್ಮ ಸೀಮೆಯಲ್ಲಿ ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾದರೆ ಊರಿಗೊಂದು ನಾಟಕ ಏಳುತ್ತದೆ. ಆ ಕಾಲದಲ್ಲಿ ಜನಕ್ಕೆ ಪುರಾಣದ ನಾಟಕ ಸ್ವಲ್ಪ ಹಳತಾಗಿ, ಹೊಸ ಬಗೆಯ ಮಾಯಾಮಂತ್ರದ ನಾಟಕಗಳ ಹುಚ್ಚು ಹಿಡಿದಿತ್ತು. ವಜ್ರಗಿರಿ, ಧೂಮಪುರ, ಏಳು ಸಮುದ್ರದಾಚೆಯ ಮಕರದ್ವೀಪ: ಇವು ಯಾವ ಸರ್ವೆ ನಕಾಶೆಯಲ್ಲೂ ಇಲ್ಲದ ರಾಜ್ಯಗಳು. ಅಲ್ಲಿ ಮೂರು ಕಣ್ಣಿನ ರಾಕ್ಷಸರಿದ್ದರು, ಗಿಣಿಯೊಳಗೆ ಪ್ರಾಣವಿಟ್ಟ ಮಂತ್ರವಾದಿಗಳಿದ್ದರು, ಹಾರುವ ಕುದುರೆಯಿತ್ತು. ಕುದುರೆ ನಮ್ಮ ಶಾಲೆಯ ಬೆಂಚೇ.

ಪಾತ್ರ ಬೇಕೆಂದವನು ವಂತಿಗೆ ಕೊಡಬೇಕು ಎಂಬುದು ಪದ್ಧತಿ. ದೊರೆಯ ಪಾತ್ರಕ್ಕೆ ದೊಡ್ಡ ವಂತಿಗೆ, ಮಂತ್ರಿಗೆ ಅದಕ್ಕಿಂತ ಕಡಿಮೆ, ಹೀಗೆ ಇಳಿಯುತ್ತ ಬರುತ್ತದೆ. ಆದರೆ ಕೈಯಿಂದ ವಂತಿಗೆ ಕೊಟ್ಟು ಬಾಯಿಲ್ಲದ ಸೈನಿಕನಾಗಿ ಮೂಲೆಯಲ್ಲಿ ನಿಲ್ಲಲು ಯಾವ ಊರಿನಲ್ಲಿ ಯಾರು ತಯಾರಿರುತ್ತಾರೆ? ಹೀಗಾಗಿ ಪ್ರತಿ ಊರಿನಲ್ಲೂ ದೊರೆಗಳು ಇಬ್ಬಿಬ್ಬರು, ಮಂತ್ರಿಗಳು ನಾಲ್ವರು, ಸೈನ್ಯ ಮಾತ್ರ ಶೂನ್ಯ. ಈ ಕೊರತೆ ತುಂಬುವುದಕ್ಕೆ ಹುಟ್ಟಿದ್ದೇ ಬಸ್ತಿಹಳ್ಳಿಯ ಕೂಲಿ ದಂಡು.

ದಂಡಿನ ದಳವಾಯಿ ಮರುಳಪ್ಪನವರು. ಐವತ್ತರ ಆಸುಪಾಸು, ಎರಡೆಕರೆ ತೆಂಗಿನ ತೋಟ, ಹಣೆಯ ತುಂಬ ವಿಭೂತಿ. ಅವರು ನಕ್ಕಿದ್ದನ್ನು ಕಂಡವರಿಲ್ಲ. ಅವರ ತಂದೆ ಕಟ್ಟಿದ ದಂಡು ಅದು. ಬಿದಿರ ಗಳಕ್ಕೆ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಕೂರಿಸಿದ ಹದಿನಾಲ್ಕು ಈಟಿ, ಹಳೆಯ ಮೊರಕ್ಕೆ ಬೇಗಡೆ ಅಂಟಿಸಿದ ಹದಿನಾಲ್ಕು ಗುರಾಣಿ. ರುಮಾಲು ಒಂದು ಕಡೆ ಕೆಂಪು, ಮಗ್ಗುಲು ಬದಲಿಸಿದರೆ ಹಸಿರು. ಪರದೆ ಬಿದ್ದು ಏಳುವಷ್ಟರಲ್ಲಿ ನಾವು ರುಮಾಲು ಮಗುಚಿ ಶತ್ರುಪಕ್ಷ ಸೇರಿರುತ್ತಿದ್ದೆವು. ಆಮೇಲಿನ ಕಾಲದಲ್ಲಿ ದೊಡ್ಡ ದೊಡ್ಡವರು ಈ ಕೆಲಸ ಮಾಡಿ ಪತ್ರಿಕೆಯಲ್ಲಿ ಹೆಸರು ತೆಗೆದುಕೊಂಡರು, ನಮಗೆ ಮಾತ್ರ ಹೆಸರಿರಲಿಲ್ಲ.

ಕೂಲಿ ಗೊತ್ತಾಗಿತ್ತು: ಗಾಡಿ, ಎರಡು ಹೊತ್ತಿನ ಊಟ, ತಲೆಗೆ ನಾಲ್ಕು ತೆಂಗಿನಕಾಯಿ. ಆಣೆಗೆ ಎಷ್ಟು ನಯಾಪೈಸೆ ಎಂದು ಊರೂರಲ್ಲೂ ಜಗಳವಿದ್ದ ವರ್ಷ. ಕಾಯಿಯ ವಿಷಯದಲ್ಲಿ ಅಂಥ ಗೊಂದಲವಿರಲಿಲ್ಲ.

ಸಂಕ್ರಾಂತಿ ಕಳೆದ ಮೂರನೆಯ ದಿನ ಮರುಳಪ್ಪನವರು ಶಾಲೆಯ ಬಾಗಿಲಿಗೆ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಎರಡು ಸಲ ನೋಡಿದರು.

"ಮೇಷ್ಟ್ರೇ, ನಮ್ಮ ಹನುಮ ರೈಲ್ವೆ ಗ್ಯಾಂಗಿಗೆ ಸೇರ್ಕೊಂಡು ಅರಸೀಕೆರೆಗೆ ಹೊಂಟೋದ. ಅವನ ಅಂಗಿ ನಿಮಗೆ ಹಿಡೀತದೆ."

"ಅಂಗಿ ಹಿಡಿದರೆ?"

"ನಾಳೆ ನಮ್ಮೂರಲ್ಲೇ ನಾಟಕ. ಹದಿಮೂರು ಜನಕ್ಕೆ ಎರಡು ಸಾಲು ಸರಿಹೋಗಲ್ಲ. ಒಂದಿನದ ಮಟ್ಟಿಗೆ ಬಂದ್ಬಿಡಿ."

"ನನಗೆ ಮಾತು ಬಾಯಿಪಾಠ ಬರುವುದಿಲ್ಲ, ಮರುಳಪ್ಪನವರೇ."

"ಮಾತೇ ಇಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು."

ದಿನವೆಲ್ಲ ಮಗ್ಗಿ ಹೇಳಿಸಿ ದಣಿದ ಬಾಯಿಗೆ ಇದಕ್ಕಿಂತ ದೊಡ್ಡ ಆಮಿಷವಿಲ್ಲ. ಒಂದು ದಿನಕ್ಕೆಂದು ಹೋದವನು ಸುಗ್ಗಿಯುದ್ದಕ್ಕೂ ಉಳಿದೆ. ಎರಡನೆಯ ಸಾಲಿನಲ್ಲಿ ಎಡದಿಂದ ನಾಲ್ಕನೆಯದು ನನ್ನ ಜಾಗ.

ಮೊದಲ ನಾಟಕ ಮುಗಿಸಿ ಬೆಳಗಿನ ಬಿಸಿಲಿನಲ್ಲಿ ಗುರಾಣಿಗಳನ್ನು ಒರೆಸುತ್ತ ಕೂತಿದ್ದಾಗ ಕರಿಯಣ್ಣ ನನ್ನ ಹತ್ತಿರ ಸರಿದು ಕೂತ. ಮೊದಲ ಸಾಲಿನವನು, ಒಣಕಲು ಆಳು, ಮೈಯೆಲ್ಲ ಇರುವೆ ಕಚ್ಚಿದ ದದ್ದು.

"ಮೇಷ್ಟ್ರೇ, ನೀವು ಓದ್ದೋರು. ಒಂದು ನ್ಯಾಯ ಹೇಳಿ. ಹೋದ ವರ್ಷದಿಂದ ನಾನೇ ಸಾಯ್ತಾ ಇವ್ನಿ. ಈ ತೋಪಯ್ಯ ನೋಡಿ, ಒಂದು ಸಲನಾದ್ರೂ ಸತ್ತವ್ನಾ ಕೇಳಿ."

ತೋಪಯ್ಯ ಅತ್ತ ಕಡೆಯಿಂದ, "ನಂಗೆ ಬೊಜ್ಜು ಐತೆ ಕಣ್ಲಾ. ಬಿದ್ರೆ ಹಲಗೆ ಮುರೀತದೆ," ಎಂದ.

"ಮುರೀಲಿ. ಹಲಗೆ ಊರಿನೋರ್ದು."

ಸಾಯುವುದು ಸುಲಭವೆಂದು ಹೊರಗಿನವರು ತಿಳಿಯಬಾರದು. ಬದುಕಿದ ಸೈನಿಕನಿಗೆ ಯುದ್ಧವಾದ ಮೇಲೆ ಪರದೆಯ ಹಿಂದೆ ಬೀಡಿ, ಕಾಫಿ, ಹರಟೆ. ಸತ್ತವನಿಗೆ ಆಗ ಕೆಲಸ ಶುರು. ಅವನ ಎದೆಯ ಪಕ್ಕದಲ್ಲಿ ನಿಂತು ದೊರೆ ದುಃಖದ ಹಾಡು ಎತ್ತಿಕೊಳ್ಳುತ್ತಾನೆ. ದೊಡ್ಡ ವಂತಿಗೆ ಕೊಟ್ಟ ದೊರೆ, ಕೊಟ್ಟದ್ದು ತೀರುವವರೆಗೂ ಹಾಡುತ್ತಾನೆ. ಅಷ್ಟೂ ಹೊತ್ತು ಉಸಿರು ಹೊರಗೆ ಕಾಣಬಾರದು, ಇರುವೆ ಕಚ್ಚಿದರೆ ಕೊಡವಬಾರದು, ರಾಣಿ ಕೈ ತುಳಿದರೆ ಕೂಗಬಾರದು. ಮರುಳಪ್ಪನವರು 'ಏಳಿ' ಎನ್ನುವವರೆಗೆ ಹೆಣ ಏಳಬಾರದು ಎಂಬುದು ದಂಡಿನ ಕಾಯಿದೆ.

ನಾನು ಕರಿಯಣ್ಣನ ಅಹವಾಲನ್ನು ದಳವಾಯಿಗೆ ತಲುಪಿಸಿದೆ. ಅವರು ಒಂದು ಗುರಾಣಿ ಒರೆಸಿ ಮುಗಿಸುವಷ್ಟು ಹೊತ್ತು ಯೋಚಿಸಿ, "ಸತ್ತೋರಿಗೆ ಒಂದು ಕಾಯಿ ಹೆಚ್ಚು," ಎಂದರು. ನ್ಯಾಯ ತೀರ್ಮಾನವಾಯಿತೆಂದು ಎಲ್ಲರೂ ತಲೆದೂಗಿದೆವು.

ಇದರ ಫಲ ಕಣಕಟ್ಟೆಯಲ್ಲಿ ಕಂಡಿತು. ಅಲ್ಲಿ ವಜ್ರಗಿರಿಯ ದೊರೆ ಕೊಬ್ಬರಿ ವ್ಯಾಪಾರಿ. ಭಾರಿ ವಂತಿಗೆ ಕೊಟ್ಟು, ಮೈಸೂರಿನಿಂದ ಜರಿಯ ಅಂಗಿ ತರಿಸಿದ್ದವರು. ಏಳು ಜನ ಕೆಂಪು ರುಮಾಲು, ಏಳು ಜನ ಹಸಿರು ರುಮಾಲು, ಯುದ್ಧ ಶುರುವಾಯಿತು. ನಗಾರಿಯ ಮೊದಲ ಪೆಟ್ಟಿಗೇ ಮೂವರು ಬಿದ್ದರು. ಇನ್ನೂ ಈಟಿ ಎತ್ತಿರಲಿಲ್ಲ, ಬೊಜ್ಜಿನ ತೋಪಯ್ಯ ತಾನೇ ತನ್ನ ಎದೆ ಹಿಡಿದುಕೊಂಡು ಹಲಗೆ ನಡುಗುವಂತೆ ಉರುಳಿದ. ಅವನನ್ನು ನೋಡಿ ಉಳಿದವರಿಗೆ ಆತುರವಾಯಿತು. ನಾನೂ ಸತ್ತೆ. ಸುಳ್ಳು ಹೇಳಿ ಏನು ಫಲ, ನನ್ನ ಕೋಣೆಯಲ್ಲಿ ಚಟ್ನಿಗೆ ಕಾಯಿ ಮುಗಿದಿತ್ತು. ಮರುಳಪ್ಪನವರು ಒಬ್ಬರೇ ನಿಂತಿದ್ದರು. ಅವರ ಕಾಲಿನ ಮೇಲೆ ಕರಿಯಣ್ಣ ಸತ್ತು ಬಿದ್ದು ಅವರನ್ನೂ ಕೆಡವಿದ.

ಗೆದ್ದ ಸೈನ್ಯ, ಸೋತ ಸೈನ್ಯ ಎರಡೂ ನೆಲದ ಮೇಲೆ. ನಡುವೆ ಇಬ್ಬರು ದೊರೆಗಳು. ಜರಿಯ ಅಂಗಿಯವರಿಗೆ ಗೊತ್ತಿದ್ದ ಮುಂದಿನ ಮಾತು ಒಂದೇ. ಅದನ್ನೇ ಅವರು ಗಟ್ಟಿಯಾಗಿ ಹೇಳಿದರು: "ಎಲೈ ಭಟರೇ, ಈ ದ್ರೋಹಿಯನ್ನು ಹೆಡೆಮುರಿ ಕಟ್ಟಿ ಎಳೆದೊಯ್ಯಿರಿ."

ಯಾರೂ ಅಲುಗಲಿಲ್ಲ. ಕಾಯಿದೆ ಎಂದರೆ ಕಾಯಿದೆ. 'ಏಳಿ' ಎನ್ನಬೇಕಾದವರೇ ಹೆಣವಾಗಿ ಬಿದ್ದಿದ್ದರು.

ಅವರು ಇನ್ನೊಮ್ಮೆ ಹೇಳಿದರು. ಕೊನೆಗೆ ಧೂಮಪುರದ ದುಷ್ಟ ದೊರೆಗೇ ಮರುಕ ಹುಟ್ಟಿ, ತನ್ನ ಕೈಗಳನ್ನು ತಾನೇ ಬೆನ್ನ ಹಿಂದೆ ಕಟ್ಟಿಕೊಂಡು, "ಇರಲಿ ಬಿಡಿ, ನಾನೇ ಬರ್ತೀನಿ ನಡೀರಿ," ಎಂದು ಒಳಗೆ ನಡೆದ. ಕಣಕಟ್ಟೆಯ ಜನ ಆ ನಗೆಯನ್ನು ಯುಗಾದಿಯವರೆಗೂ ನಕ್ಕರಂತೆ.

ಮಾರನೆಯ ಬೆಳಿಗ್ಗೆ ಊರಿನವರು ತಕರಾರು ತೆಗೆಯುವ ಮೊದಲೇ ಮರುಳಪ್ಪನವರು ದಂಡಿನ ಅಷ್ಟೂ ಕಾಯಿಗಳನ್ನು ಜರಿಯ ಅಂಗಿಯವರ ಜಗಲಿಯ ಮೇಲೆ ಸುರಿಸಿದರು. "ಕೆಲಸ ಕೆಟ್ಟ ದಿನ ಕೂಲಿ ಇಲ್ಲ," ಎಂದರು. ಕಾಯಿಯಿಲ್ಲದ ಗಾಡಿಯಲ್ಲಿ ವಾಪಸು ಹೊರಟೆವು. ಮಧ್ಯದಾರಿಯಲ್ಲಿ ಅವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಸಾಯೋದಕ್ಕೆ ಒಂದು ಸರದಿ ಹಾಕಿಕೊಡಿ," ಎಂದರು.

ನನಗೆ ಗೊತ್ತಿದ್ದುದು ಒಂದೇ ಬಗೆಯ ಪಟ್ಟಿ. ಶಾಲೆಯ ಹಾಜರಿ ಪುಸ್ತಕದಿಂದ ಖಾಲಿ ಹಾಳೆಯೊಂದನ್ನು ಕಿತ್ತು, ಗೆರೆ ಎಳೆದು, ಎಡಗಡೆ ಹದಿನಾಲ್ಕು ಹೆಸರು, ಮೇಲುಗಡೆ ಊರುಗಳ ಹೆಸರು ಬರೆದೆ. ಆಯಾ ಮನೆಯಲ್ಲಿ ಸ, ಬ, ಗಾ ಎಂದು ಗುರುತು ಹಾಕುವುದು: ಸತ್ತ, ಬದುಕಿದ, ಗಾಯ. ಮುಂದಿನ ಊರುಗಳ ಸರದಿಯನ್ನು ಪೆನ್ಸಿಲಿನಲ್ಲಿ ತುಂಬಿದೆ. ತಲೆಬರಹ ಬೇಕಲ್ಲ, 'ಸತ್ತವರ ಹಾಗೂ ಸಾಯಬೇಕಾದವರ ಪಟ್ಟಿ' ಎಂದು ದುಂಡಗೆ ಬರೆದೆ. ಅಭ್ಯಾಸಬಲ ಎಂಬುದು ಕೆಟ್ಟದ್ದು. ಕೆಳಗೆ ತಾರೀಖು ಹಾಕಿ, ರುಜು ಮಾಡಿ, ಅದರ ಕೆಳಗೆ 'ಸಹಾಯಕ ಉಪಾಧ್ಯಾಯ' ಎಂದೂ ಬರೆದುಬಿಟ್ಟೆ.

ಪಟ್ಟಿಯನ್ನು ವೇಷದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಮೇಲೆ ದಂಡಿಗೆ ಒಂದು ಶಿಸ್ತು ಬಂತು. ಯಾರು ಯಾವ ಊರಲ್ಲಿ ಸಾಯುವುದೆಂದು ಮೊದಲೇ ಗೊತ್ತಿದ್ದುದರಿಂದ ಮನಸ್ಸು ನಿರಾಳ. "ಬರೋ ವಾರ ನಾನು ಸಾಯ್ತೀನಿ, ಬಂದು ನೋಡಿ," ಎಂದು ಬೀಗರಿಗೆ ಹೇಳಿಕಳಿಸುವವರೂ ಇದ್ದರು. ಫಾಲ್ಗುಣದ ಗಾಳಿ, ಹೊಂಗೆ ಚಿಗುರುತ್ತಿದ್ದ ದಿನಗಳು. ಹುಲಿಕೆರೆಯಲ್ಲಿ ನಾಟಕವಿದ್ದ ದಿನ ಮಧ್ಯಾಹ್ನವೇ ಹೋಗಿ ಅಲ್ಲಿನ ಹಳೆಯ ಕೊಳದ ಮೆಟ್ಟಿಲುಗಳ ಮೇಲೆ ಕವಾಯತು ಮಾಡಿದೆವು. ನಾಲ್ಕು ಕಡೆಯಿಂದ ಮೆಟ್ಟಿಲು ಇಳಿದು ನೀರಿನ ಅಂಚಿನಲ್ಲಿ ಎರಡು ಸಾಲು ಕೂಡುವುದು. ಒಂದು ಹೆಜ್ಜೆ ತಪ್ಪಿದರೆ ಸ್ನಾನ. ಯಾರೂ ತಪ್ಪಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿನ ಬಟ್ಟೆ ಹಾಗೇ ಹಿಡಿದು, "ಏನ್ ಚೆಂದಾಗಿ ಇಳೀತಾವೆ ನೋಡೇ," ಎಂದು ಪಕ್ಕದವಳಿಗೆ ಹೇಳಿದಳು. ಮರುಳಪ್ಪನವರ ಮುಖದಲ್ಲಿ ಅವತ್ತು ನಗುವಿಗೆ ತೀರಾ ಹತ್ತಿರವಾದದ್ದೊಂದು ಬಂದು ಹೋಯಿತು.

ಅದೇ ಹುಲಿಕೆರೆಯಲ್ಲಿ ಪೆಟ್ಟಿಗೆ ತೆಗೆದಾಗ ಮುಚ್ಚಳದ ಮೇಲೆ ಬರೀ ಅಂಟಿನ ಕಲೆ ಉಳಿದಿತ್ತು. ಹಾಳೆಯನ್ನು ಯಾರೋ ಕಿತ್ತಿದ್ದರು. ನಮಗೆ ಸರದಿ ಬಾಯಿಗೇ ಬರುತ್ತಿದ್ದುದರಿಂದ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಯುಗಾದಿ ಕಳೆದು ಹತ್ತು ದಿನಕ್ಕೆ ನಮ್ಮ ಹೆಡ್‌ಮಾಸ್ಟರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಮೇಲಿನ ಕಚೇರಿಗೆ ನನ್ನ ಮೇಲೆ ಮೂಗರ್ಜಿ ಹೋಗಿ, ಅಲ್ಲಿಂದ ಅವರ ಮೇಜಿಗೆ ಬಂದಿತ್ತು. ಬರೆದವರು ಯಾರೆಂದು ಇವತ್ತಿಗೂ ತಿಳಿಯದು. ಅಕ್ಷರ ಮಾತ್ರ ಮುತ್ತಿನಂತಿತ್ತು. ನಮಗಿಂತ ಹಿಂದಿನ ಮೇಷ್ಟ್ರುಗಳ ಕೈಯಲ್ಲಿ ಕಲಿತವನೇ ಇರಬೇಕು. ಅದರಲ್ಲಿ ಮೂರು ಆಪಾದನೆ. ಒಂದು, ಸದರಿ ಉಪಾಧ್ಯಾಯರು ಈಟಿ ಮುಂತಾದ ಆಯುಧಗಳುಳ್ಳ ಖಾಸಗಿ ದಂಡಿಗೆ ಸೇರಿದ್ದಾರೆ. ಎರಡು, ಸದರಿ ದಂಡಿನ ಕಾಳಗಗಳಲ್ಲಿ ಬಹಳ ಮಂದಿ ಸತ್ತಿದ್ದು, ಇನ್ನು ಮುಂದೆ ಸಾಯಬೇಕಾದವರನ್ನೂ ಸದರಿಯವರೇ ಗೊತ್ತುಮಾಡಿರುತ್ತಾರೆ. ಸ್ವಹಸ್ತದ ಪಟ್ಟಿ ಲಗತ್ತಿಸಿದೆ. ಮೂರು, ಸರ್ಕಾರದ ಸಂಬಳ ತಿನ್ನುತ್ತ ಇನ್ನೊಬ್ಬ ದೊರೆಯ ಹತ್ತಿರ ಕೂಲಿ ತೆಗೆದುಕೊಂಡಿದ್ದಾರೆ.

"ಮೊದಲಿನ ಎರಡು ಬಿಡಿ, ಹೇಗಾದರೂ ಆಗುತ್ತೆ," ಎಂದರು ಹೆಡ್‌ಮಾಸ್ಟರು. "ಮೂರನೆಯದಕ್ಕೆ ಭಯ ನನಗೆ. ಪ್ರೊಬೇಷನ್ನಲ್ಲಿ ಇದ್ದೀರಿ. ಅನುಮತಿ ಇಲ್ಲದೆ ಹೊರಗೆ ಕೂಲಿ ತಗೊಂಡರು ಅಂತಾದರೆ ಮನೆಗೆ ಕಳಿಸಿಬಿಡಬಹುದು ಕಣ್ರೀ. ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು ವಿಚಾರಣೆಗೆ ಬರ್ತಾ ಇದ್ದಾರೆ. ಒಂದೇ ಮಾತು ಹೇಳಿ: ಬಿಟ್ಟಿ ಹೋಗಿದ್ದೆ ಅನ್ನಿ. ಮರುಳಪ್ಪನೂ ಹಾಗೇ ಅಂದುಬಿಟ್ಟರೆ ಮುಗೀತು."

ಸಲಹೆ ಚೆನ್ನಾಗಿತ್ತು. ಶಾಲೆ ಬಿಟ್ಟೊಡನೆ ಬಸ್ತಿಹಳ್ಳಿಯ ತೋಟಕ್ಕೆ ಹೋದೆ. ಮರುಳಪ್ಪನವರು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸುಲಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದರು. 'ಬಿಟ್ಟಿ' ಎಂಬ ಮಾತು ಬಂದಾಗ ಕೈ ನಿಂತಿತು.

"ನಮ್ಮಜ್ಜ ಅಮಲ್ದಾರರ ಕ್ಯಾಂಪಿಗೆ ಬಿಟ್ಟಿ ಗಾಡಿ ಹೊಡೀತಿದ್ದ, ಮೇಷ್ಟ್ರೇ," ಎಂದರು. "ಕರೆ ಬಂದ್ರೆ ಹೊಲದಲ್ಲಿ ಕೂರಿಗೆ ಬಿಟ್ಟು ಓಡಬೇಕು. ಹೊರೆ ಅವರ್ದು, ಎತ್ತು ನಮ್ದು. ಒಂದು ವರ್ಷ ದಾರೀಲಿ ಎತ್ತು ಬಿದ್ದು ಸತ್ತೋಯ್ತು. ಸತ್ತ ಎತ್ತಿನ ಜಾಗಕ್ಕೆ ಅಜ್ಜನೇ ಹೆಗಲು ಕೊಟ್ಟು ಎಳಕೊಂಡು ಹೋದ. ಬಿಟ್ಟಿ ಅಂದ್ರೆ ಅದು."

ಮೊನೆಯಲ್ಲಿದ್ದ ಕಾಯಿಯ ಸಿಪ್ಪೆ ಕಿತ್ತು ಪಕ್ಕಕ್ಕೆ ಎಸೆದರು.

"ಈ ದಂಡು ಕಟ್ಟಿದಾಗ ನಮ್ಮಪ್ಪ ಹೇಳಿದ್ದು ಒಂದೇ ಮಾತು. ದೊರೆ ಸುಳ್ಳಾದ್ರೂ ಕೂಲಿ ನಿಜ ಇರ್ಬೇಕು. ನಮ್ಮ ಸಾಲಲ್ಲಿ ನಿಂತೋನು ಯಾವನೂ ಬಿಟ್ಟಿ ನಿಂತಿಲ್ಲ." ಇನ್ನೊಂದು ಕಾಯಿ ಎತ್ತಿಕೊಂಡರು. "ಆದ್ರೆ ನಿಮ್ಮ ಅನ್ನದ ಪ್ರಶ್ನೆ. ನೀವು ಹೇಳಿ ಅಂದ್ರೆ ಹೇಳ್ತೀನಿ."

"ಹೇಳಿದರೆ ನಿಮಗೇನು ತೊಂದರೆ?"

"ತೊಂದ್ರೆ ಏನಿಲ್ಲ. ಸರ್ಕಾರದ ಮುಂದೆ ಬಿಟ್ಟಿ ದಂಡು ಅಂತ ಬರೆಸಿಬಿಟ್ಟು, ಬರೋ ವರ್ಷ ಊರೂರಿಗೆ ಹೋಗಿ ತಲೆಗೆ ನಾಲ್ಕು ಕಾಯಿ ಕೊಡ್ರಿ ಅಂತ ಕೇಳಾಕಾಗಲ್ಲ. ಈಟಿ ಹದಿನಾಲ್ಕೂ ಹಿತ್ತಲಿಗೆ ಬೇಲಿಗಾಗ್ತವೆ. ಅಷ್ಟೇಯ."

ನಾನು ಹೇಳಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ತೋಟದಿಂದ ವಾಪಸು ಬಂದುಬಿಟ್ಟೆ.

ವಿಚಾರಣೆ ಹಳೇಬೀಡಿನ ಪ್ರವಾಸಿ ಬಂಗಲೆಯ ಮುಂದೆ, ಬೆಳಿಗ್ಗೆ ಹತ್ತು ಗಂಟೆಗೆ. 'ಪಟ್ಟಿಯಲ್ಲಿ ಕಾಣಿಸಿದವರ ಪೈಕಿ ಬದುಕಿರುವವರು ಹಾಜರಾಗತಕ್ಕದ್ದು' ಎಂದು ತಿಳುವಳಿಕೆ ಕಳಿಸಿದ್ದರು. ದಂಡನ್ನು ಕರೆಸಿದ್ದಾರೆ ಎಂದಷ್ಟೇ ಅರ್ಥಮಾಡಿಕೊಂಡ ಮರುಳಪ್ಪನವರು ಎಲ್ಲರಿಗೂ ವೇಷ ಕಟ್ಟಿಸಿದ್ದರು. ಚೈತ್ರದ ಬಿಸಿಲಿನಲ್ಲಿ ಬೇಗಡೆಯ ಗುರಾಣಿ ಹೊಳೆಯಿಸುತ್ತ, ನಾರಿನ ಮೀಸೆ ತಿರುವಿಕೊಂಡು, ಬಸ್ತಿಹಳ್ಳಿಯಿಂದ ಎರಡು ಸಾಲಾಗಿ ಹೆಜ್ಜೆ ಹಾಕುತ್ತ ಬಂದರು. ದೇವಸ್ಥಾನ ನೋಡಲು ಬಂದಿದ್ದ ಪರದೇಶದವನೊಬ್ಬ ಕಲ್ಲಿನ ಆನೆಸಾಲು ಬಿಟ್ಟು ಓಡಿಬಂದು ಇವರ ಫೋಟೋ ತೆಗೆದ.

ಇನ್‌ಸ್ಪೆಕ್ಟರ್ ಸಾಹೇಬರು ಬಡಕಲು ಮನುಷ್ಯ, ಹೊಟ್ಟೆಹುಣ್ಣಿನ ರೋಗಿ. ಪಕ್ಕದಲ್ಲಿ ಮಜ್ಜಿಗೆಯ ಚೊಂಬು, ಎದುರಿಗೆ ನನ್ನ ಪಟ್ಟಿ, ಬಲಗಡೆ ಬರೆದುಕೊಳ್ಳುವ ಗುಮಾಸ್ತ. ಸಾಲನ್ನು ಎಣಿಸಿ ನನ್ನ ಕಡೆ ನೋಡಿದರು.

"ಹದಿಮೂರು ಜನ ಇದ್ದಾರೆ. ಹದಿನಾಲ್ಕನೆಯವನು ಸತ್ತನೇನ್ರೀ?"

"ಹದಿನಾಲ್ಕನೆಯವನು ನಾನು, ಸಾರ್."

ಮೊದಲು ಕರಿಯಣ್ಣನನ್ನು ಕರೆದರು.

"ನಿನ್ನ ಹೆಸರಿನ ಮುಂದೆ ಎರಡು ಕಡೆ 'ಸತ್ತ' ಅಂತ ಇದೆಯಲ್ಲಯ್ಯ."

"ಎರಡಲ್ಲ ಸಾಮಿ, ಒಂಬತ್ತು. ಪಟ್ಟಿ ಹಾಕೋಕೆ ಮುಂಚೆ ಸತ್ತಿದ್ದು ಇದ್ರಾಗೆ ಹಿಡಿದಿಲ್ಲ."

ಗುಮಾಸ್ತನ ಲೇಖನಿ ನಿಂತಿತು.

"ಕೊಂದವರು ಯಾರು?"

"ಒಂದು ಸಲ ನಮ್ಮ ಮೇಷ್ಟ್ರೇ ತಿವಿದ್ರು. ಒಂದು ಸಲ ನಾನೂ ಅವರನ್ನ ಕೊಂದಿವ್ನಿ. ನಾವಿಬ್ರೂ ಮನಸಲ್ಲಿ ಏನೂ ಇಟ್ಕೊಂಡಿಲ್ಲ."

ಸಾಹೇಬರು ಒಂದು ಗುಟುಕು ಮಜ್ಜಿಗೆ ಕುಡಿದು, "ಎಲ್ಲಿ, ಸತ್ತು ತೋರಿಸು," ಎಂದರು.

"ಈಟಿಗೋ, ಕತ್ತಿಗೋ, ಸಾಮಿ?"

"ಯಾವುದಕ್ಕಾದರೂ ಸಾಯಯ್ಯ."

ಕರಿಯಣ್ಣ ಈಟಿಗೆ ಸತ್ತ. ಜಲ್ಲಿಕಲ್ಲಿನ ಮೇಲೆ, ಉರಿಬಿಸಿಲಿನಲ್ಲಿ, ಒಂದು ರೆಪ್ಪೆ ಅಲುಗದಂತೆ. ನೊಣವೊಂದು ಬಂದು ಮೂಗಿನ ಮೇಲೆ ಕೂತು, ಮೀಸೆಗೆ ಇಳಿದು, ವಾಪಸು ಮೂಗಿಗೆ ಹೋಯಿತು. ಸಾಹೇಬರು ಎದ್ದು ಸುತ್ತ ಒಂದು ಪ್ರದಕ್ಷಿಣೆ ಬಂದರು. "ಸಾಕು, ಏಳಯ್ಯ," ಎಂದರು. ಅವನು ಏಳಲಿಲ್ಲ. "ಏಳು ಅಂದರೆ ಏಳಬೇಕು," ಎಂದರು. ಹೆಣ ಹೆಣದಂತೆಯೇ ಇತ್ತು. ಸಾಹೇಬರ ಮುಖ ಬಿಳಿಚಿಕೊಂಡದ್ದು ನಾನು ನೋಡಿದೆ. ಆಗ ಮರುಳಪ್ಪನವರು ಸಾಲಿನಿಂದಲೇ, "ಏಳ್ಲಾ," ಎಂದರು. ಕರಿಯಣ್ಣ ಎದ್ದು ಜಲ್ಲಿ ಕೊಡವಿಕೊಂಡ.

"ಒಂದು ಮತ್ತು ಎರಡನೆಯ ಆಪಾದನೆಗಳು ಬಿದ್ದುಹೋದವು ಅಂತ ಬರಕೊಳ್ಳಿ," ಎಂದು ಸಾಹೇಬರು ಗುಮಾಸ್ತನಿಗೆ ಹೇಳಿದರು. ಕೂತು ಹಣೆ ಒರೆಸಿಕೊಂಡರು. ಆಮೇಲೆ ದನಿ ಬದಲಾಯಿತು.

"ಮರುಳಪ್ಪನವರೇ, ಈಗ ಮೂರನೆಯದು. ನೋಡಿ ಹೇಳಿ. ಈ ಮೇಷ್ಟ್ರು ನಿಮ್ಮಲ್ಲಿಗೆ ಕೂಲಿಗೆ ಬಂದಿದ್ದರೋ, ಅಥವಾ... ಬಿಟ್ಟಿ ಬಂದಿದ್ದರೋ?"

ಬಿಟ್ಟಿ ಎಂಬುದನ್ನು ಅವರು ತಟ್ಟೆಯಲ್ಲಿಟ್ಟು ಮುಂದೆ ಸರಿಸುವಂತೆ ಹೇಳಿದರು. ಕೆಟ್ಟ ಮನುಷ್ಯರಲ್ಲ, ನನ್ನನ್ನು ಉಳಿಸಲು ಅವರಿಗೂ ಒಂದು ಮಾತು ಬೇಕಿತ್ತು. ಹದಿಮೂರು ಜನವೂ ನೆಟ್ಟಗೆ ನಿಂತಿದ್ದರು. ಮರುಳಪ್ಪನವರು ನನ್ನ ಕಡೆ ನೋಡಿದರು. ನಾನು ಏನೂ ಸನ್ನೆ ಮಾಡಲಿಲ್ಲ. ಅವರು ರುಮಾಲು ಸರಿಮಾಡಿಕೊಂಡು, ನೆಲ ನೋಡುತ್ತ, ಬಾಯಿ ತೆರೆದರು.

"ಬಿ..."

"ಕೂಲಿಗೆ, ಸಾರ್," ಎಂದೆ ನಾನು. "ತಲೆಗೆ ನಾಲ್ಕು ಕಾಯಿ. ಸತ್ತ ದಿನ ಐದು."

ಸಾಹೇಬರು ಲೇಖನಿ ಕೆಳಗಿಟ್ಟರು.

"ಯೋಚನೆ ಮಾಡಿ ಹೇಳಿದಿರೇನ್ರೀ?"

"ಹೌದು, ಸಾರ್."

"ಸತ್ತವರಿಗೆ ಯಾಕೆ ಹೆಚ್ಚು?"

ಇದಕ್ಕೆ ಮರುಳಪ್ಪನವರು ತಲೆ ಎತ್ತಿ ಉತ್ತರ ಕೊಟ್ಟರು. "ಅದು ಕಷ್ಟದ ಕೆಲಸ, ಸಾಮಿ. ಕಷ್ಟದ ಕೆಲಸಕ್ಕೆ ಕೂಲಿ ಜಾಸ್ತಿ."

ಸಾಹೇಬರು ಆ ಮಾತನ್ನೂ ಬರೆಸಿಕೊಂಡರು. ನನ್ನ ಕೈಯಲ್ಲಿ ರುಜು ಹಾಕಿಸಿದರು. ನಾನು ಅಭ್ಯಾಸದಂತೆ ಕೆಳಗೆ 'ಸಹಾಯಕ ಉಪಾಧ್ಯಾಯ' ಎಂದು ಬರೆದೆ. ಇನ್ನೆಷ್ಟು ದಿನ ಹಾಗೆ ಬರೆಯಬಹುದೋ ತಿಳಿಯದೆ.

ಬಂಗಲೆಯ ಮುಂದಿನ ದಾರಿಗೆ ಬಂದಾಗ ದಂಡು ಹೊರಡಲು ನಿಂತಿತ್ತು. ಮರುಳಪ್ಪನವರು ಹೊಗಳಲಿಲ್ಲ, ಬೈಯಲಿಲ್ಲ, ಕಣ್ಣು ತುಂಬಿಕೊಳ್ಳಲೂ ಇಲ್ಲ. "ಸಾಲಲ್ಲಿ ಒಂದು ಜಾಗ ಖಾಲಿ ಐತೆ, ಮೇಷ್ಟ್ರೇ," ಎಂದರು. ಕೋಟು, ಕಚ್ಚೆಪಂಚೆ, ಕೈಯಲ್ಲಿ ಕೊಡೆ, ಹಾಗೆಯೇ ಎರಡನೆಯ ಸಾಲಿನಲ್ಲಿ ನಾಲ್ಕನೆಯವನಾಗಿ ನಿಂತೆ. ಕೊಡೆಯನ್ನು ಈಟಿಯಂತೆ ಹೆಗಲಿಗೆ ಹಾಕಿಕೊಂಡೆ. ಬಸ್ತಿಹಳ್ಳಿಯವರೆಗೆ ಯಾರ ಹೆಜ್ಜೆಯೂ ತಪ್ಪಲಿಲ್ಲ.

ಆಜ್ಞೆ ಮೇ ಕೊನೆಯಲ್ಲಿ ಬಂತು. ನಿಜ ಹೇಳಿದ್ದನ್ನು ಗಮನಿಸಿ ಕೆಲಸದಿಂದ ತೆಗೆದಿಲ್ಲವೆಂದೂ, ಅನುಮತಿ ಇಲ್ಲದೆ ಕೂಲಿ ಪಡೆದದ್ದಕ್ಕಾಗಿ ಪ್ರೊಬೇಷನ್ ಆರು ತಿಂಗಳು ಮುಂದುವರಿಸಿದೆಯೆಂದೂ, ಇನ್ನು ಮುಂದೆ ಇಂಥ ಹೊರಗಿನ ಕೆಲಸಕ್ಕೆ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದೆಂದೂ ಇತ್ತು. ನಾನು ಅನುಮತಿ ಕೋರಿ ಅರ್ಜಿ ಹಾಕಿದೆ. ಕೆಲಸದ ವಿವರ ಎಂಬಲ್ಲಿ 'ಸೈನಿಕ' ಎಂದು, ಮಾಲೀಕರು ಎಂಬಲ್ಲಿ 'ಊರಿಗೊಬ್ಬ ದೊರೆ' ಎಂದು ತುಂಬಿದೆ. ಮುಂದಿನ ಸುಗ್ಗಿಗೆ ಮೊದಲೇ ಅನುಮತಿ ಬಂತು. ಆಮೇಲೆ ನಾಲ್ಕು ವರ್ಷ ನಾನು ಆ ದಂಡಿನಲ್ಲಿದ್ದೆ.

ಖಾಯಂ ಆದದ್ದು ಆರು ತಿಂಗಳು ತಡವಾಗಿ. ಅಷ್ಟರಲ್ಲಿ ನನ್ನ ಜೊತೆಯಲ್ಲಿ ಸೇರಿದವರೂ ಹಿಂದಿನಿಂದ ಸೇರಿದ ಕೆಲವರೂ ಹಿರಿತನದಲ್ಲಿ ನನ್ನನ್ನು ದಾಟಿಹೋಗಿದ್ದರು. ಬಡ್ತಿಯ ಸರದಿ ಬಂದಾಗಲೆಲ್ಲ ಅದು ನನಗಿಂತ ಮೇಲಿನ ಹೆಸರಿಗೇ ನಿಂತಿತು. ಸಹಾಯಕ ಉಪಾಧ್ಯಾಯನಾಗಿ ಸೇರಿದವನು ಸಹಾಯಕ ಉಪಾಧ್ಯಾಯನಾಗಿಯೇ ನಿವೃತ್ತನಾದೆ.